ದಿಣ್ಣೆಯ ಮೇಲಿನ ಸೀಮೆ: ಬೆಂಗಳೂರಿನ ಉತ್ತರ ಭಾಗದ ಬರ, ನೆರೆ ಮತ್ತು ಮಳೆಲೆಕ್ಕ

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ, ಹೆಬ್ಬಾಳ, ಯಶವಂತಪುರ ಮತ್ತು ಅವುಗಳ ಸುತ್ತಲಿನ ಹಳ್ಳಿಗಳು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯೊಂದರ ನೆತ್ತಿಯಲ್ಲೂ ಇಳಿಜಾರುಗಳಲ್ಲೂ ಹಬ್ಬಿಕೊಂಡಿವೆ. ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ಹೆಸರಘಟ್ಟಗಳ ಮೂಲಕ ಇಳಿಯುವ ಅರ್ಕಾವತಿಗೂ ಮುಂದೆ ಕಾವೇರಿಗೂ ಸೇರಿದರೆ, ಪೂರ್ವಕ್ಕೆ ಬಿದ್ದದ್ದು ಯಲಹಂಕ, ಜಕ್ಕೂರು, ರಾಚೇನಹಳ್ಳಿಗಳ ಕೆರೆಗಳನ್ನು ಒಂದಾದ ಮೇಲೊಂದು ತುಂಬಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ದಾರಿಯಾಗಿ ದಕ್ಷಿಣ ಪಿನಾಕಿನಿಯನ್ನು ಮುಟ್ಟುತ್ತದೆ. ಹೀಗೆ ನೀರನ್ನು ಎರಡು ನದಿಗಳ ಪಾಲಿಗೆ ಹಂಚುವ ಎತ್ತರದ ನೆಲವನ್ನು ಜಲವಿಭಾಜಕ ಎನ್ನುತ್ತಾರೆ. ನಗರದ ಅತ್ಯುನ್ನತ ಸ್ಥಳವೆಂದು ಗುರುತಿಸಲಾಗಿರುವ 962 ಮೀಟರಿನ ದೊಡ್ಡಬೆಟ್ಟಹಳ್ಳಿಯೂ ಇದೇ ಭಾಗದಲ್ಲಿದೆ. ಜಲವಿಭಾಜಕದ ಮೇಲೆ ನೆಲೆಸಿದವರಿಗೆ ಬೇರೆಡೆಯಿಂದ ಹರಿದುಬರುವ ನೀರೆಂಬುದಿಲ್ಲ. ತಲೆಯ ಮೇಲೆ ಬಿದ್ದದ್ದೇ ಅವರ ಪಾಲು, ಅದೂ ನಿಲ್ಲಿಸಿಕೊಂಡರೆ ಮಾತ್ರ. ಈ ಸೀಮೆಯ ಬರ ಮತ್ತು ನೆರೆಗಳ ಚರಿತ್ರೆಯನ್ನು ಅರಿಯಲು ಇದೇ ಮೊದಲ ಸಂಗತಿಯಾಗಬೇಕು.

ಎರಡನೆಯ ಸಂಗತಿ ಮಳೆಯ ಸ್ವಭಾವ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಕರಾವಳಿಯಲ್ಲಿರುವಂತೆ ಅದು ಒಂದೇ ಕಾಲದಲ್ಲಿ ಸುರಿಯುವುದಿಲ್ಲ. ಮೇ ತಿಂಗಳ ಗುಡುಗುಮಳೆಯಲ್ಲಿ ಒಮ್ಮೆ ಏರಿ, ಜೂನ್‌ನಲ್ಲಿ ತಗ್ಗಿ, ಸೆಪ್ಟೆಂಬರ್–ಅಕ್ಟೋಬರ್‌ಗಳಲ್ಲಿ ಮತ್ತೆ ಏರುತ್ತದೆ. ನೈಋತ್ಯದ ಗಾಳಿ ತರುವ ಮುಂಗಾರು ಪಶ್ಚಿಮಘಟ್ಟವನ್ನು ಹತ್ತುವಾಗಲೇ ತನ್ನ ತೇವದ ಬಹುಪಾಲನ್ನು ಕಳೆದುಕೊಂಡು ಇಲ್ಲಿಗೆ ಬರುವುದರಿಂದ, ಕೆರೆಗಳು ತುಂಬಬೇಕಾದರೆ ಕೊನೆಗಾಲದ ಉತ್ತರೆ, ಹಸ್ತ, ಚಿತ್ತೆ ಮಳೆಗಳನ್ನೇ ಕಾಯಬೇಕಾಗುತ್ತಿತ್ತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು–ಹದಿನಾಲ್ಕು ದಿನಗಳನ್ನು ಒಂದು ಮಳೆಯೆಂದು ಹೆಸರಿಟ್ಟು ಎಣಿಸುವ ರೈತರ ಪದ್ಧತಿಗೆ ಇಲ್ಲಿ ಗಟ್ಟಿಯಾದ ಪ್ರಯೋಜನವಿತ್ತು. ಒಟ್ಟು ಎಷ್ಟು ಬಂತು ಎಂಬುದಕ್ಕಿಂತ ಯಾವ ಮಳೆ ಬಂತು, ಯಾವುದು ಕೈಕೊಟ್ಟಿತು ಎಂಬುದೇ ರಾಗಿಯ ಹಣೆಬರಹವನ್ನು ಬರೆಯುತ್ತಿತ್ತು. ನಾಲ್ಕೈದು ದೊಡ್ಡ ಮಳೆಗಳು ಬಂದರೆ ಕೆರೆ ಕೋಡಿ ಬೀಳುತ್ತದೆ, ಅವು ತಪ್ಪಿದರೆ ಅದೇ ಕೆರೆಯ ಅಂಗಳದಲ್ಲಿ ದನ ಮೇಯುತ್ತದೆ. ಸರಾಸರಿಯಂತೆ ಮಳೆಯಾಗುವ ವರ್ಷ ಅಪರೂಪವಾದ ಸೀಮೆಯಿದು.

ಆದ್ದರಿಂದ ಇಲ್ಲಿಯ ಹಳಬರು ಕಟ್ಟಿದ ಕೆರೆಗಳು ಸರಾಸರಿಯನ್ನು ನೆಚ್ಚಿ ಕಟ್ಟಿದವಲ್ಲ, ಎರಡು ಅತಿರೇಕಗಳನ್ನೂ ಎದುರಿಗಿಟ್ಟುಕೊಂಡು ಕಟ್ಟಿದವು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಗಂಗರ ದೊರೆ ಶ್ರೀಪುರುಷನ ಕಾಲದ್ದೆಂದು, ಅಂದರೆ ಸುಮಾರು ಕ್ರಿ.ಶ. 750ರದ್ದೆಂದು ವಿದ್ವಾಂಸರು ಗುರುತಿಸಿರುವ ಕಿತ್ತಯ್ಯನ ವೀರಗಲ್ಲು ಈ ನೆಲದಲ್ಲಿ ಎಂಟನೆಯ ಶತಮಾನದಲ್ಲೇ ನೆಲೆನಿಂತ ನಾಡೊಂದಿತ್ತೆಂಬುದಕ್ಕೆ ಸಾಕ್ಷಿಯಾಗಿದೆ. ನದಿಯಿಲ್ಲದ ದಿಣ್ಣೆಯ ಮೇಲೆ ಅಷ್ಟು ಹಿಂದೆಯೇ ನಾಡು ನೆಲೆನಿಂತಿತ್ತೆಂದರೆ ನೀರು ನಿಲ್ಲಿಸುವ ಏರ್ಪಾಡೂ ಆಗಲೇ ಇದ್ದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ. ಮುಂದೆ ಆವತಿಯಿಂದ ಬಂದ ಮನೆತನದ ಯಲಹಂಕ ನಾಡಪ್ರಭುಗಳು ವಿಜಯನಗರದ ಅರಸರ ಅಧೀನದಲ್ಲಿ ಆಳಿದಾಗ, ಅದರಲ್ಲೂ 1537ರಲ್ಲಿ ಬೆಂಗಳೂರು ಕೋಟೆಯನ್ನು ಕಟ್ಟಿಸಿದ ಒಂದನೆಯ ಕೆಂಪೇಗೌಡನ ಕಾಲದಲ್ಲಿ, ಕೆರೆ ಕಟ್ಟಿಸುವುದು ಪುಣ್ಯಕಾರ್ಯವೂ ಆಡಳಿತದ ಅಗತ್ಯವೂ ಆಗಿ ಬೆಳೆಯಿತು. ಹೆಬ್ಬಾಳದ ಕೆರೆಯನ್ನು ಅವನ ಹೆಸರಿಗೇ ಸಲ್ಲಿಸುವ ವಾಡಿಕೆಯಿದೆ.

ಇಂಥ ಕೆರೆಯೊಂದರ ಅಂಗಾಂಗಗಳನ್ನು ಒಮ್ಮೆ ಬಿಡಿಸಿ ನೋಡುವುದು ಅವಶ್ಯಕ, ಏಕೆಂದರೆ ನಂತರ ನಡೆದ ನಷ್ಟವೆಲ್ಲ ಈ ಅಂಗಗಳ ನಷ್ಟವೇ ಆಗಿದೆ. ತಗ್ಗಿನ ಬಾಯಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿ ನೀರನ್ನು ತಡೆಯುತ್ತದೆ; ಏರಿಯ ಒಳಗಿನ ತೂಬು ಬೇಕಾದಷ್ಟು ನೀರನ್ನು ಕೆಳಗಿನ ಗದ್ದೆಗಳಿಗೆ, ಅಂದರೆ ಅಚ್ಚುಕಟ್ಟಿಗೆ ಬಿಡುತ್ತದೆ; ಏರಿಯ ಅಂಚಿನಲ್ಲಿ ಅದಕ್ಕಿಂತ ತಗ್ಗಾಗಿ, ಕಲ್ಲುಹಾಸಿನಿಂದ ಭದ್ರಪಡಿಸಿದ ಕೋಡಿ ಹೆಚ್ಚಾದ ನೀರನ್ನು ಏರಿಗೆ ಧಕ್ಕೆಯಾಗದಂತೆ ಹೊರಕ್ಕೆ ಹಾಯಿಸುತ್ತದೆ; ಕೋಡಿಯಿಂದ ಹೊರಟ ನೀರನ್ನು ಕೆಳಗಿನ ಕೆರೆಗೆ ಮುಟ್ಟಿಸುವುದು ರಾಜಕಾಲುವೆ. ತೂಬು ಬರಗಾಲದ ಅಂಗವಾದರೆ ಕೋಡಿ ನೆರೆಯ ಅಂಗ. ಕೋಡಿಯ ಎತ್ತರವನ್ನೂ ಅಗಲವನ್ನೂ ನಿಗದಿಮಾಡಿದವರು ಮಳೆಮಾಪಕವನ್ನು ಕಂಡವರಲ್ಲದಿದ್ದರೂ, ತಮ್ಮ ಮತ್ತು ತಮ್ಮ ಹಿರಿಯರ ನೆನಪಿನಲ್ಲಿದ್ದ ಅತಿ ದೊಡ್ಡ ಮಳೆಯನ್ನು ಕಲ್ಲಿನ ಅಳತೆಯಲ್ಲಿ ದಾಖಲಿಸಿದರು ಎನ್ನಬಹುದು. ತೂಬನ್ನು ಎತ್ತಿ ಇಳಿಸುವ, ನೀರಿನ ಸರದಿಯನ್ನು ಹಂಚುವ, ಏರಿಯಲ್ಲಿ ಬಿಲ ಬಿದ್ದಿದೆಯೇ ಎಂದು ಮಳೆಗಾಲದ ರಾತ್ರಿಗಳಲ್ಲಿ ನೋಡಿಕೊಳ್ಳುವ ಕೆಲಸ ನೀರುಗಂಟಿಯದು. ಅವನಿಗೂ ಕೆರೆ ಕಟ್ಟಿಸಿದವರಿಗೂ ಮಾನ್ಯದ ಭೂಮಿ ಇರುತ್ತಿತ್ತು. ಕಟ್ಟುಕೊಡಿಗೆ ಎಂಬ ಹೆಸರಿನಲ್ಲಿ ಶಾಸನಗಳಲ್ಲಿ ಕಾಣಸಿಗುವ ಈ ದತ್ತಿಗಳೇ ವರ್ಷವರ್ಷವೂ ಗೋಡು ತೆಗೆಯುವ, ಏರಿಗೆ ಮಣ್ಣು ಹಾಕುವ ಕೆಲಸಕ್ಕೆ ಆಧಾರವಾಗಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 38,000 ಕೆರೆಗಳನ್ನು ಎಣಿಸಲಾಗಿತ್ತು. ಆಗಿನ ಮುಖ್ಯ ಇಂಜಿನಿಯರ್ ರಿಚರ್ಡ್ ಸ್ಯಾಂಕಿ ಹೊಸ ಕೆರೆಗೆ ತಾಣ ಹುಡುಕುವುದೇ ಕಷ್ಟವೆನ್ನುವಷ್ಟು ಇಡೀ ನೆಲ ಕೆರೆಗಳಿಂದ ತುಂಬಿದೆಯೆಂದು ಬರೆದಿದ್ದನು.

ಆದರೂ 1876ರ ಬರವನ್ನು ಈ ಏರ್ಪಾಡು ತಡೆದುಕೊಳ್ಳಲಿಲ್ಲ. 1875ರಲ್ಲೇ ಮಳೆ ಕಡಿಮೆಯಾಗಿ ಕೆರೆಗಳು ತಗ್ಗಿದ್ದವು. ಅದರ ಮೇಲೆ 1876ರ ಧಾತು ಸಂವತ್ಸರದಲ್ಲಿ ಮುಂಗಾರೂ ಹಿಂಗಾರೂ ಎರಡೂ ಕೈಕೊಟ್ಟವು. ಮುಂದಿನ ಈಶ್ವರ ಸಂವತ್ಸರದ ಮುಂಗಾರೂ ತಡವಾಯಿತು. ಶಾಂತಸಾಗರದ ಮಧ್ಯ ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬಿಸಿಯಾಗಿ ಜಗತ್ತಿನ ಗಾಳಿಯ ಓಟವನ್ನೇ ಬದಲಿಸುವ ಎಲ್ ನಿನೊ ಎಂಬ ವಿದ್ಯಮಾನ 1877ರಲ್ಲಿ ಅತಿ ಪ್ರಬಲವಾಗಿತ್ತೆಂದೂ, ಅದೇ ಕಾಲಕ್ಕೆ ಉತ್ತರ ಚೀನಾ, ಈಶಾನ್ಯ ಬ್ರೆಜಿಲ್‌ಗಳಲ್ಲೂ ಘೋರ ಕ್ಷಾಮ ಉಂಟಾಯಿತೆಂದೂ ಇಂದು ತಿಳಿದಿದೆ. ಆಗ ಮೈಸೂರಿನಲ್ಲಿ ಸತ್ತವರಿಗೂ ಅವರನ್ನು ಆಳುತ್ತಿದ್ದ ಬ್ರಿಟಿಷ್ ಕಮಿಷನರರಿಗೂ ಅದು ತಿಳಿದಿರಲಿಲ್ಲ. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಸಹಜವಾಗಿ ಆಗಬೇಕಿದ್ದ ಏರಿಕೆಯನ್ನೂ ಲೆಕ್ಕಕ್ಕೆ ಹಿಡಿದರೆ ಸುಮಾರು ಹತ್ತು ಲಕ್ಷ ಜನರನ್ನು ಆ ಬರ ನುಂಗಿತೆಂದೇ ಹೇಳಬೇಕು. ಬೆಂಗಳೂರಿಗೆ 1864ರಿಂದಲೇ ಜೋಲಾರಪೇಟೆಯ ಮೂಲಕ ರೈಲು ಸಂಪರ್ಕವಿದ್ದು ಮದರಾಸಿನಿಂದ ಧಾನ್ಯ ಬರುತ್ತಿತ್ತು. ಆದರೆ ರೈಲು ನಿಲ್ಲುವ ಊರಿನಿಂದ ಆಚೆ ಅದನ್ನು ಸಾಗಿಸಬೇಕಾದ ಎತ್ತುಗಳು ಮೇವು, ನೀರುಗಳಿಲ್ಲದೆ ಸತ್ತಿದ್ದವು. ಕೊಳ್ಳಲು ಕೈಯಲ್ಲಿ ಕಾಸಿಲ್ಲದವನಿಗೆ ಪೇಟೆಯಲ್ಲಿ ಧಾನ್ಯ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪರಿಹಾರ ಕಾಮಗಾರಿಗಳ ಗಂಜಿ ಮತ್ತು ಕೂಲಿಯನ್ನು ಎಷ್ಟು ಬಿಗಿಹಿಡಿಯಬಹುದೆಂಬ ಬಗ್ಗೆ ಅಧಿಕಾರಿಗಳಲ್ಲಿ ನಡೆದ ಚರ್ಚೆಯನ್ನು ಇಂದು ಓದುವುದು ನೋವಿನ ಕೆಲಸ. ಮಳೆ ತಪ್ಪಿದ್ದು ಪ್ರಕೃತಿಯ ಅತಿರೇಕವಾದರೂ, ಅದನ್ನು ಸಾವಾಗಿ ಮಾರ್ಪಡಿಸಿದ್ದರಲ್ಲಿ ದಾರಿ, ದರ, ಕೂಲಿ ಮತ್ತು ಆಡಳಿತದ ಮನಸ್ಸು ಇವುಗಳ ಪಾಲು ದೊಡ್ಡದು.

ಬರದ ನಂತರ ಬಂದ 1880ರ ಕ್ಷಾಮ ಆಯೋಗವು ರೈಲುದಾರಿಗಳನ್ನೂ ನೀರಾವರಿಯನ್ನೂ ಮುಂದಿನ ಕ್ಷಾಮಗಳಿಗೆ ತಡೆಯೆಂದು ಶಿಫಾರಸು ಮಾಡಿತು. 1881ರಲ್ಲಿ ಅಧಿಕಾರ ಮರಳಿ ಪಡೆದ ಮೈಸೂರು ಅರಸರ ಸರ್ಕಾರ ಆ ದಿಕ್ಕಿನಲ್ಲೇ ನಡೆದು, 1890ರ ದಶಕದ ಮೊದಲಲ್ಲಿ ಯಶವಂತಪುರದಿಂದ ಯಲಹಂಕ, ದೊಡ್ಡಬಳ್ಳಾಪುರಗಳ ಮೂಲಕ ಹಿಂದೂಪುರದತ್ತ ರೈಲುದಾರಿಯನ್ನು ತೆರೆಯಿತು. ಇಂದು ಯಶವಂತಪುರದ ಹೆಸರು ರೈಲುನಿಲ್ದಾಣದೊಡನೆ ಬೆಸೆದುಕೊಂಡಿರುವುದರ ಹಿಂದೆ ಬರದ ನೆನಪೂ ಇದೆಯೆಂಬುದನ್ನು ಮರೆಯಬಾರದು.

ಬರದ ಇನ್ನೊಂದು ಫಲ ಅಳತೆಯ ಶಿಸ್ತು. ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಗಿತ್ತು. ಮೈಸೂರಿನಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ 1890ರ ದಶಕದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ನಡೆದು ಅವುಗಳ ವಾರ್ಷಿಕ ವರದಿಗಳು ಅಚ್ಚಾದವು. ಆ ಕಾಲದಿಂದ ಮುಂದಕ್ಕೆ ಬೆಂಗಳೂರಿನ ಮಳೆ, ಬಿಸಿಲು, ಚಳಿಗಳಿಗೆ ದಿನದಿನದ ಲೆಕ್ಕ ಸಿಗುತ್ತದೆ. ಅದಕ್ಕೂ ಮುಂಚೆ, 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ ಸೆಲ್ಸಿಯಸ್ ಇಂದಿಗೂ ನಗರದ ಕನಿಷ್ಠ ಉಷ್ಣಾಂಶವಾಗಿ ಉಳಿದಿದೆ. ಗರಿಷ್ಠ ಉಷ್ಣಾಂಶದ ದಾಖಲೆ ಮಾತ್ರ ತೀರ ಇತ್ತೀಚಿನದು: 2016ರ ಏಪ್ರಿಲ್ ಕೊನೆಯ ವಾರದಲ್ಲಿ ಅದು 39.2 ಡಿಗ್ರಿಗೆ ಮುಟ್ಟಿತು. 1891ರ ಜೂನ್ 16ರಂದು ಸುರಿದ 101.6 ಮಿ.ಮೀ. ಮಳೆ ಜೂನ್ ತಿಂಗಳ ಒಂದು ದಿನದ ದಾಖಲೆಯಾಗಿ 133 ವರ್ಷ ನಿಂತು, 2024ರ ಜೂನ್ 2ರ 111.1 ಮಿ.ಮೀ. ಮಳೆಯಿಂದ ಮುರಿಯಿತು. ಚಳಿಯ ದಾಖಲೆ ಹಳೆಯದಾಗಿಯೂ ಬಿಸಿಲಿನ ದಾಖಲೆ ಹೊಸದಾಗಿಯೂ ಇರುವುದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ಭೂಮಿಯೇ ಬಿಸಿಯೇರುತ್ತಿರುವುದರ ಜೊತೆಗೆ, ಗಿಡ ಕಡಿದು ಕಾಂಕ್ರೀಟು ಹಾಸಿದ ನಗರ ಹಗಲಿನ ಬಿಸಿಯನ್ನು ರಾತ್ರಿಯಲ್ಲೂ ಹಿಡಿದಿಟ್ಟುಕೊಳ್ಳುತ್ತದೆ.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಬೆಂಗಳೂರಿನ ದಾಖಲೆಯೆಂದು ಪತ್ರಿಕೆಗಳಲ್ಲಿ ಬರುವುದು ಸಾಮಾನ್ಯವಾಗಿ ನಗರದ ಮಧ್ಯಭಾಗದ ಅರಮನೆ ರಸ್ತೆಯ ವೀಕ್ಷಣಾಲಯದ ಲೆಕ್ಕ. ಹಳೆಯ ದೇವನಹಳ್ಳಿ, ಯಲಹಂಕ ಸೀಮೆಗಳ ಮಳೆ ಅದಕ್ಕಿಂತ ಬೇರೆಯಾಗಿರಬಹುದು, ಹಲವು ಬಾರಿ ಬೇರೆಯಾಗಿಯೇ ಇರುತ್ತದೆ. ಗುಡುಗುಮಳೆಯ ಮೋಡ ಕೆಲವೇ ಕಿಲೋಮೀಟರ್ ಅಗಲದ್ದಾಗಿದ್ದು, ಒಂದು ಬಡಾವಣೆಯನ್ನು ಮುಳುಗಿಸಿ ಪಕ್ಕದ ಬಡಾವಣೆಯನ್ನು ಒಣಗಿದಂತೆಯೇ ಬಿಟ್ಟುಹೋಗಬಲ್ಲದು.

ಅಳತೆಯನ್ನು ಬೇಸಾಯದೊಡನೆ ಕೂಡಿಸುವ ಕೆಲಸ ಶುರುವಾದದ್ದು ಹೆಬ್ಬಾಳದಲ್ಲಿ. 1899ರಲ್ಲಿ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಅಲ್ಲಿ 30 ಎಕರೆ ನೆಲವನ್ನು ಕೃಷಿ ಪ್ರಯೋಗಕ್ಕೆಂದು ನೀಡಿದರು, ಜರ್ಮನ್ ವಿಜ್ಞಾನಿ ಲೆಹ್ಮನ್ ಅದರ ಮುಂದಾಳಾದರು. 1913ರಲ್ಲಿ ಅಲ್ಲೇ ಕೃಷಿ ಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂದವು. ಯಲಹಂಕದ ದಾರಿಯಲ್ಲಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆದಿರುವ ಒಣಬೇಸಾಯದ ಸಂಶೋಧನೆ, ಅಂದರೆ ಕಾಲುವೆಯ ನೀರಿಲ್ಲದೆ ಮಳೆಯನ್ನೇ ನಂಬಿದ ಹೊಲದ ಬೇಸಾಯದ ಸಂಶೋಧನೆ, ಮಳೆ ತಡವಾದಾಗ ಯಾವ ತಳಿಯ ರಾಗಿಯನ್ನು ಯಾವಾಗ ಬಿತ್ತಬೇಕೆಂಬ ರೈತರ ಹಳೆಯ ಪ್ರಶ್ನೆಗೇ ಉತ್ತರ ಹುಡುಕುತ್ತ ಬಂದಿದೆ. ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾನ್ಸೂನಿನ ಏರಿಳಿತಗಳನ್ನು ಅಧ್ಯಯನ ಮಾಡಿದ ಸುಲೋಚನಾ ಗಾಡ್ಗೀಳ್ ಅವರೂ ಪಾವಗಡದ ಕಡೆಯ ಕಡಲೆಕಾಯಿ ಬೆಳೆಗಾರರೊಡನೆ ಕೂತು, ಹವಾಮಾನದ ಲೆಕ್ಕ ಹೊಲಕ್ಕೆ ಹೇಗೆ ಒದಗಬಲ್ಲುದೆಂದು ತೋರಿಸಿದರು.

ಇತ್ತ ನಗರ ಬೆಳೆದಂತೆ ಅದರ ಬಾಯಾರಿಕೆಯೂ ಬೆಳೆಯಿತು. ಹಳೆಯ ಕೆರೆಗಳ ನೀರು ಸಾಲದಾದಾಗ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿದ್ದ ಹೆಸರಘಟ್ಟದ ಕೆರೆಯನ್ನು ಜಲಾಶಯವಾಗಿ ಬೆಳೆಸುವ ಯೋಜನೆ ಕೈಗೂಡಿತು. ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿ ತರಬನಹಳ್ಳಿಯವರೆಗೆ ಹರಿದು, ಸೋಲದೇವನಹಳ್ಳಿಯ ಹಬೆಯಂತ್ರಗಳಿಂದ ಮೇಲೆತ್ತಲ್ಪಟ್ಟು, ಮಲ್ಲೇಶ್ವರದ ಶುದ್ಧೀಕರಣ ಘಟಕದಿಂದ ನಲ್ಲಿಗಳಿಗೆ ಇಳಿಯುತ್ತಿತ್ತು. ಮನೆಯ ಮುಂದೆ ನಲ್ಲಿ ಬಂದದ್ದು ಪಟ್ಟಣಿಗರಿಗೆ ದೊಡ್ಡ ಸುಖವೇ ಸರಿ. ಆದರೆ ಆ ಸುಖದೊಡನೆ ಊರಿನ ಕೆರೆಯನ್ನು ಕಾಯಬೇಕಾದ ಕಾರಣವೂ ಸಡಿಲಗೊಂಡಿತು. 1920ರ ದಶಕದಲ್ಲಿ ಮಳೆ ಸತತವಾಗಿ ಕಡಿಮೆಯಾಗಿ ಹೆಸರಘಟ್ಟವೇ ಬತ್ತಿದಾಗ, ಅದೇ ನದಿಯ ಕೆಳಭಾಗದಲ್ಲಿ ಕುಮುದ್ವತಿ ಸೇರುವಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ಕಟ್ಟಿ 1933ರಲ್ಲಿ ನೀರು ತರಲಾಯಿತು. ಅದೂ ಸಾಲದಾಗಿ 1974ರಲ್ಲಿ ಕಾವೇರಿಯನ್ನೇ ಕೆಳಗಿನಿಂದ ಎತ್ತಿ ತರಲಾಯಿತು. ಒಂದೊಂದು ಬರವೂ ನಗರವನ್ನು ಇನ್ನಷ್ಟು ದೂರದ ನೀರಿನತ್ತ ದೂಡಿತೇ ಹೊರತು ತನ್ನ ಅಂಗಳದ ನೀರಿನತ್ತ ತಿರುಗಿಸಲಿಲ್ಲ.

ಅರ್ಕಾವತಿಯ ಕಥೆ ಅಲ್ಲಿಗೇ ಮುಗಿಯುವುದಿಲ್ಲ, ಮತ್ತು ಈ ಚರಿತ್ರೆಯ ಅತ್ಯಂತ ಮುಖ್ಯವಾದ ಭಾಗವೇ ಅದು. 1980ರ ದಶಕದ ನಂತರ ತಿಪ್ಪಗೊಂಡನಹಳ್ಳಿಗೆ ಬರುವ ನೀರು ವರ್ಷದಿಂದ ವರ್ಷಕ್ಕೆ ಕುಗ್ಗಿ, ನಂತರದ ದಶಕಗಳಲ್ಲಿ ನಗರಕ್ಕೆ ಅಲ್ಲಿಂದ ನೀರು ಪೂರೈಸುವುದೇ ನಿಂತಿತು. ಮಳೆ ಕಡಿಮೆಯಾದದ್ದೇ ಕಾರಣವೆಂದು ನಂಬುವುದು ಸುಲಭವಾಗಿತ್ತು. ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಳೆಯ ಹಳೆಯ ಲೆಕ್ಕಗಳನ್ನು ತೆಗೆದು ನೋಡಿದಾಗ, ಮಳೆ ಅಂಥದ್ದೇನೂ ಕುಗ್ಗಿರಲಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು ಮತ್ತು ದೊಡ್ಡಬಳ್ಳಾಪುರ ಸೀಮೆಯ ಹೊಲಗಳನ್ನು ಆವರಿಸಿದ ನೀಲಗಿರಿ ನೆಡುತೋಪುಗಳು ನೆಲದ ತೇವವನ್ನು ಹೀರಿದ್ದು ಮುಖ್ಯ ಕಾರಣಗಳಾಗಿ ಕಂಡುಬಂದವು. ಮಳೆಗಾಲ ಮುಗಿದ ಮೇಲೂ ನೆಲದೊಳಗಿನಿಂದ ಒಸರಿ ಹಳ್ಳವನ್ನು ಜೀವಂತವಾಗಿಡುತ್ತಿದ್ದ ಒರತೆಯ ನೀರು, ಅಂತರ್ಜಲ ನೂರಾರು ಅಡಿ ಆಳಕ್ಕೆ ಇಳಿದ ಮೇಲೆ, ಇಲ್ಲವಾಯಿತು. ಮಳೆಮಾಪಕದಲ್ಲಿ ಯಾವ ದಾಖಲೆಯೂ ಮುರಿಯದೆ ಒಂದು ನದಿ ಬತ್ತಿತು. ಬರವೆಂಬುದು ಆಕಾಶದಿಂದ ಮಾತ್ರ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಕರ್ನಾಟಕದ ಇತಿಹಾಸದಲ್ಲಿ ಬೇರೆ ಸಿಗಲಾರದು.

ನೆರೆಯ ವಿಷಯದಲ್ಲೂ ಇದೇ ಮಾತು ಸಲ್ಲುತ್ತದೆ. ನಗರದ ವೀಕ್ಷಣಾಲಯದಲ್ಲಿ 1988ರ ಸೆಪ್ಟೆಂಬರ್ 12ರಂದು 177.6 ಮಿ.ಮೀ., 1997ರ ಅಕ್ಟೋಬರ್ 1ರಂದು 178.9 ಮಿ.ಮೀ. ಮಳೆ ಒಂದೇ ದಿನದಲ್ಲಿ ದಾಖಲಾಗಿತ್ತು. 2022ರ ಸೆಪ್ಟೆಂಬರ್ 5ರ ಬೆಳಗಿನವರೆಗೆ ಸುರಿದದ್ದು 131.6 ಮಿ.ಮೀ., ಅಂದರೆ ಅವುಗಳಿಗಿಂತ ಎಷ್ಟೋ ಕಡಿಮೆ; ಆದರೂ ಆ ದಿನ ನಗರದ ಪೂರ್ವ ಭಾಗದ ಬಡಾವಣೆಗಳಲ್ಲಿ ದೋಣಿಗಳು ಓಡಾಡಬೇಕಾಯಿತು. ಅದಕ್ಕೂ ಮುಂಚೆ, 2021ರ ನವೆಂಬರ್ 21ರ ರಾತ್ರಿಯ ಮಳೆಗೆ, ಯಲಹಂಕದ ಸಾವಿರಾರು ಜನ ನೆಲೆಸಿರುವ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನೆಲಮಹಡಿಗಳು ಮುಳುಗಿ, ನಿವಾಸಿಗಳನ್ನು ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಹೊರತರಲಾಯಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರಯೋಗಾಲಯಗಳಿಗೂ ನೀರು ನುಗ್ಗಿತು. ಆ ವರ್ಷದ ಹಿಂಗಾರಿಗೆ ದಿಣ್ಣೆಯ ಮೇಲಿನ ಕೆರೆಗಳೆಲ್ಲ ಮೊದಲೇ ತುಂಬಿದ್ದವು, ನೆಲ ಇನ್ನು ಹೀರಲಾರದಷ್ಟು ನೆನೆದಿತ್ತು. ಅಂಥ ಹೊತ್ತಿನಲ್ಲಿ ಬಿದ್ದ ಮಳೆಯೆಲ್ಲ ಕೋಡಿಯ ದಾರಿಯಲ್ಲೇ ಹೊರಡಬೇಕು; ಕೋಡಿಯ ಕೆಳಗಿನ ರಾಜಕಾಲುವೆ ಮನೆ, ರಸ್ತೆ, ಕಾಂಪೌಂಡುಗಳ ನಡುವೆ ಕಿರಿದಾಗಿ ಹೋಗಿದ್ದರೆ ನೀರು ತನ್ನ ಹಳೆಯ ಅಗಲವನ್ನು ತಾನೇ ಮರಳಿ ಪಡೆಯುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ತೆರೆದ ನಂತರ ಬಳ್ಳಾರಿ ರಸ್ತೆಯ ಎರಡೂ ಬದಿಯಲ್ಲಿ ಕಟ್ಟಡಗಳು ಎದ್ದ ವೇಗದಲ್ಲಿ ಈ ಕಾಲುವೆಗಳ ಬಗ್ಗೆ ಯೋಚಿಸಿದವರು ಕಡಿಮೆ. ಮುಳುಗಿದ ಮನೆಗಳಲ್ಲಿದ್ದ ಜನ ಕಟ್ಟಿದ ಮನೆಯನ್ನು ಸಾಲಮಾಡಿ ಕೊಂಡವರೇ ಹೊರತು, ನೀರಿನ ದಾರಿಯಲ್ಲಿ ಮನೆಗೆ ಅನುಮತಿ ಕೊಟ್ಟವರಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು.

ಯಲಹಂಕಕ್ಕೆ ಇನ್ನೊಂದು ವಿಶೇಷವಿದೆ. 1988ರಲ್ಲಿ, ದೇಶದಲ್ಲೇ ಮೊದಲೆಂಬಂತೆ, ಕರ್ನಾಟಕ ಸರ್ಕಾರ ಬರ ನಿಗಾ ಘಟಕವನ್ನು ಸ್ಥಾಪಿಸಿತು. ಬರದ ಜೊತೆಗೆ ನೆರೆ, ಭೂಕಂಪಗಳನ್ನೂ ಸೇರಿಸಿಕೊಂಡು ಅದೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಯಲಹಂಕದ ಅಟ್ಟೂರಿನಲ್ಲಿ ನೆಲೆಸಿದೆ. ಸೌರಶಕ್ತಿಯಿಂದ ನಡೆದು ಹದಿನೈದು ನಿಮಿಷಕ್ಕೊಮ್ಮೆ ಅಳತೆಯನ್ನು ತಾನಾಗಿ ಕಳಿಸುವ ಮಳೆಮಾಪಕಗಳನ್ನು ರಾಜ್ಯದ ಗ್ರಾಮ ಪಂಚಾಯಿತಿಗಳ ಮಟ್ಟದವರೆಗೆ ಈ ಕೇಂದ್ರ ಹರಡಿದೆ. ಅದರ ಬಾಗಿಲಿಗೆ ಹತ್ತಿರದಲ್ಲೇ 2024ರ ಅಕ್ಟೋಬರ್ 22ರ ಬೆಳಗಿನ ಜಾವ ಯಲಹಂಕದಲ್ಲಿ ಆರು ಗಂಟೆಗಳ ಅವಧಿಯಲ್ಲಿ 150 ಮಿ.ಮೀ.ಗೂ ಮೀರಿ ಮಳೆ ಸುರಿದು ಕೇಂದ್ರೀಯ ವಿಹಾರ ಮತ್ತೆ ಮುಳುಗಿತು. ಅದೇ ವರ್ಷದ ಮಾರ್ಚ್‌ನಲ್ಲಿ, 2023ರ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ ಬೆನ್ನಿಗೆ, ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ಜನ ನಿಂತಿದ್ದರು. ಏಳು ತಿಂಗಳ ಅಂತರದಲ್ಲಿ ಒಂದೇ ಸೀಮೆ ಎರಡು ಅತಿರೇಕಗಳನ್ನೂ ಕಂಡಿತು. ತೂಬು ಮತ್ತು ಕೋಡಿ ಎರಡನ್ನೂ ಒಂದೇ ಏರಿಯಲ್ಲಿ ಇಟ್ಟು ಕಟ್ಟಿದವರು ನಿರೀಕ್ಷಿಸಿದ್ದು ಇಂಥ ವರ್ಷವನ್ನೇ. ಕಾಲುಗಂಟೆಗೊಮ್ಮೆ ಬರುವ ಮಳೆಯ ಲೆಕ್ಕ ಇಂದು ಅಟ್ಟೂರಿನಲ್ಲಿ ಸಿಗುತ್ತದೆ. ಯಲಹಂಕದಿಂದ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯವರೆಗಿನ ಒಂದೊಂದು ರಾಜಕಾಲುವೆಯೂ ಎಷ್ಟು ಅಗಲವಿತ್ತು, ಈಗ ಎಷ್ಟು ಉಳಿದಿದೆ ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲೇ ಇಟ್ಟು ಓದಿದಾಗ ಮಾತ್ರ ಮುಂದಿನ ಹಸ್ತ, ಚಿತ್ತೆ ಮಳೆಗಳಿಗೆ ಯಾವ ಬೀದಿಯ ಜನರನ್ನು ಮೊದಲು ಎಚ್ಚರಿಸಬೇಕೆಂಬುದು ತಿಳಿಯುತ್ತದೆ.